ಗುಟುಕ ಮೀನಿನ ಕರುಳು

ಕಾಟಪ್ಪ ಮುತ್ತುಗದ ಎಲೆಯ ಪೊಟ್ಟಣ ಬಿಚ್ಚಿ ತೋರಿಸಿದಾಗ ಯಶೋದಾಳಿಗೆ ಅಲ್ಲೇ ಹಿನ್ನೀರಿನ ದಂಡೆಯ ಮೇಲೆ ಕೂತು ಗೊಳೋ ಎಂದು ಅತ್ತುಬಿಡೋಣ ಅನ್ನಿಸಿತು. ಎಲೆಯ ಮೇಲೆ ಗೇಣುದ್ದದ ಎರಡು ಮೀನು ಮಲಗಿದ್ದವು. ಅವಳು ತಿಂಗಳುಗಟ್ಟಲೆ ಹೊಸದುರ್ಗದ ಬಸ್ಸು ಹತ್ತಿಳಿದು ಹುಡುಕಿದ ಮೀನೇ. ಮೈಮೇಲಿನ ಕಂದು ಪಟ್ಟೆ, ಬಾಯಿ ಸುತ್ತಲ ಸಣ್ಣ ಮೀಸೆ, ಎಲ್ಲ ಸರಿಯಾಗಿತ್ತು. ಆದರೆ ಎರಡರ ಹೊಟ್ಟೆಯೂ ಗಂಟಲಿನಿಂದ ಬಾಲದ ತನಕ ಸೀಳಿ, ಒಳಗೆಲ್ಲ ತೊಳೆದಿಟ್ಟ ಬಟ್ಟಲಿನ ಹಾಗೆ ಚೊಕ್ಕಟವಾಗಿತ್ತು.

"ನಿಮಗ್ಯಾಕೆ ತ್ರಾಸು ಅಂತ ನಾನೇ ಕ್ಲೀನ್ ಮಾಡಿ ತಂದೀನಿ ಮೇಡಮ್ಮೋರೆ," ಎಂದ ಕಾಟಪ್ಪ. "ಕಾಲೇಜು ಮೇಡಮ್ಮು, ಮೀನು ಕುಯ್ಯಾಕೆ ಬರುತ್ತೋ ಇಲ್ವೋ ಅಂತ ನಮ್ಮನೆಯೋಳು ಅಂದ್ಲು. ನೀವೀಗ ಸೀದಾ ಸಾರಿಗೆ ಹಾಕದಷ್ಟೇಯ."

"ಕರುಳು ಎಲ್ಲಿ ಕಾಟಪ್ಪ?"

"ಯಾವ ಕರುಳು?"

"ಇದರದ್ದು. ಹೊಟ್ಟೇಲಿ ಇತ್ತಲ್ಲ."

"ಓ, ಅದಾ? ನಾಯಿಗೆ ಹಾಕ್ದೆ."

ನಾಯಿ ಅಲ್ಲೇ ಜಾಲಿಯ ನೆರಳಿನಲ್ಲಿ ಬಾಯಿ ನೆಕ್ಕುತ್ತ ಕೂತಿತ್ತು. ಯಶೋದಾಳ ಪಿಎಚ್.ಡಿ.ಯ ಮುಖ್ಯ ಅಧ್ಯಾಯ ಅದರ ಹೊಟ್ಟೆಯಲ್ಲಿತ್ತು.

ಕಾಟಪ್ಪನನ್ನು ಬೈಯುವಂತೆಯೂ ಇರಲಿಲ್ಲ. ತೆಪ್ಪ ಹಾಕಿಕೊಂಡು ಬಿಸಿಲಲ್ಲಿ ಅಲೆದು, ಬಲೆಗೆ ಬಿದ್ದ ಮೀನುಗಳಲ್ಲಿ ಇವಳ ಮೀನನ್ನೇ ಆರಿಸಿ ತೆಗೆದಿಟ್ಟ ಪುಣ್ಯಾತ್ಮ. ಅವನ ಪ್ರಕಾರ ದೊಡ್ಡವರಿಗೆ ಮೀನು ಕೊಡುವ ಮರ್ಯಾದೆ ಎಂದರೆ ಸೀಳಿ, ತೊಳೆದು, ಎಲೆಯಲ್ಲಿ ಸುತ್ತಿ ಕೊಡುವುದು. ಹೊಲಸಿನ ಸಮೇತ ಕೊಟ್ಟರೆ ಅವಮಾನ ಮಾಡಿದಂತೆ. ಮೀನು ಬೇಕು, ಮೀನು ಬೇಕು ಎಂದು ಯಶೋದಾ ಅವನ ಪ್ರಾಣ ತಿಂದಿದ್ದಳು. ಮೀನಿನೊಳಗೆ ಏನು ಬೇಕು ಎಂದು ಹೇಳಿದ್ದಳೋ ಇಲ್ಲವೋ ಅವಳಿಗೇ ನೆನಪಾಗಲಿಲ್ಲ. ಕೊನೆಗೆ, ಸಾರಿಗೆ ಒಳ್ಳೆಯದಾಯಿತು ಎಂದು ಹಲ್ಲುಕಚ್ಚಿ ನಕ್ಕು ಪೊಟ್ಟಣ ಇಸಿದುಕೊಂಡಳು. ಅವತ್ತಿನಿಂದ ಫೋನು ಮಾಡಿದಾಗಲೆಲ್ಲ ಅವನಿಗೆ ಪಾಠ ಶುರುವಾಯಿತು: "ಜೀವಂತ ಇಟ್ಟಿರು ಕಾಟಪ್ಪ. ಸತ್ತುಹೋದ್ರೆ ತಕ್ಷಣ ಹೊಟ್ಟೆ ಸೀಳಿ ಕರುಳು ತೆಗೀಬೇಕು. ತಡ ಮಾಡಿದ್ರೆ ಕೆಟ್ಟುಹೋಗುತ್ತೆ. ಕರುಳು ಬಿಸಾಕಬ್ಯಾಡ ಮಾರಾಯ, ನಂಗೆ ಬೇಕಾಗಿರೋದೇ ಅದು."

ಹೀಗೆ ಜಗತ್ತು ಬಿಸಾಕುವುದನ್ನು ಬೇಡಿಕೊಂಡು ತಿರುಗುವ ಕೆಲಸ ಅವಳಿಗೆ ಹೇಗೆ ಗಂಟುಬಿತ್ತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಯಶೋದಾ ಜವನಗೊಂಡನಹಳ್ಳಿ ಕಡೆಯ ಕುರಿಗಾರರ ಮಗಳು. ಅಪ್ಪ ಓಬಣ್ಣ ಮಂದೆಯ ಹಿಂದೆ ಅಲೆದು ಅಲೆದೇ ಮುಗಿದುಹೋದ. ಅವ್ವ ನಿಂಗಕ್ಕನಿಗೆ ಸುತ್ತಲ ಹಳ್ಳಿಗಳಲ್ಲಿ ಒಂದು ಹೆಸರಿದೆ. ಯಾರ ಮನೆಯಲ್ಲಿ ಬೀಗರೂಟವಾದರೂ ಬೋಟಿ ತೊಳೆಯಲು ಅವಳನ್ನೇ ಕರೆಯಬೇಕು. ಕುರಿಯ ಕರುಳನ್ನು ಒಂದು ಕಡೆಯೂ ಹರಿಯದಂತೆ ಕಡ್ಡಿಗೆ ಏರಿಸಿ ಒಳಮೈಯನ್ನು ಹೊರಗೆ ಮಗುಚುತ್ತಾಳೆ. ಬಿಸಿನೀರು ಹೊಯ್ದು, ಅಂಟಿಕೊಂಡ ಲೋಳೆಯನ್ನೆಲ್ಲ ಉಗುರಿನಲ್ಲಿ ಹೆರೆದು, ಉಪ್ಪು ಹಚ್ಚಿ ಉಜ್ಜಿ ತೊಳೆದರೆ ಬೋಟಿ ಮಲ್ಲಿಗೆಯಷ್ಟು ಬೆಳ್ಳಗಾಗುತ್ತದೆ. ನಿಂಗಕ್ಕ ತೊಳೆದ ಬೋಟಿಯಲ್ಲಿ ವಾಸನೆ ಎಂಬ ಮಾತೇ ಇಲ್ಲ ಎಂದು ಊಟ ಮಾಡಿದವರು ಬಾಯಿ ಚಪ್ಪರಿಸಿ ಹೇಳುತ್ತಿದ್ದರು.

ಹುಡುಗಿ ಯಶೋದಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಇದನ್ನು ನೋಡುತ್ತಿದ್ದಳು. ಹೊರಗಿನಿಂದ ನುಣ್ಣಗೆ ಕಾಣುವ ಕರುಳಿನ ಒಳಗಡೆ ಟವೆಲ್ಲಿನಂತೆ ಮೃದುವಾದ ಜೂಲು ಇರುವುದು ಅವಳಿಗೆ ದೊಡ್ಡ ಸೋಜಿಗ. ಅದು ಯಾಕಿದೆ ಎಂದು ಕೇಳಿದರೆ "ಗಲೀಜು ಕಣೆ, ಮುಟ್ಬ್ಯಾಡ" ಎಂದು ನಿಂಗಕ್ಕ ಕೈಗೆ ಒಂದು ಏಟು ಹಾಕುತ್ತಿದ್ದಳು. ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಪ್ರಾಣಿಶಾಸ್ತ್ರದ ಮೇಷ್ಟರು ಸೂಕ್ಷ್ಮದರ್ಶಕದ ಕೆಳಗೆ ಕರುಳಿನ ಒಂದು ಚೂರನ್ನು ಇಟ್ಟು ತೋರಿಸಿದರು. ಗುಲಾಬಿ, ನೇರಳೆ ಬಣ್ಣದ ಮಡಿಕೆ ಮಡಿಕೆಗಳು. ಗಲೀಜೆಂದು ಅವ್ವ ಹೆರೆದು ಚೆಲ್ಲುತ್ತಿದ್ದುದು ಇದನ್ನೇ ಎಂದು ಅವಳಿಗೆ ಆವತ್ತು ಗೊತ್ತಾಯಿತು. ಉಂಡದ್ದನ್ನೆಲ್ಲ ರಕ್ತಕ್ಕೆ ಸೇರಿಸುವ ಕೆಲಸ ಆ ಒಳಪದರದ್ದು. ಉಳಿದದ್ದೆಲ್ಲ ಬರೀ ಕೊಳವೆ. ಹುಡುಗಿಗೆ ಅಲ್ಲೇ ಹುಚ್ಚು ಹಿಡಿಯಿತು.

ಹುಚ್ಚು ಹಿಡಿದರೆ ಆಯಿತೆ? ಎಂ.ಎಸ್ಸಿ. ಮುಗಿಸಿ, ಹಿರಿಯೂರು ಡಿಪೋದಲ್ಲಿ ಕಂಡಕ್ಟರಾಗಿದ್ದ ಕನಕರಾಜನನ್ನು ಮದುವೆಯಾಗಿ, ಹೊಳಲ್ಕೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದಳು. ಕರೆದಾಗ ಹೋಗಬೇಕು, ಏಳು ಅಂದಾಗ ಏಳಬೇಕು. ದಿನಾ ಹಿರಿಯೂರಿನಿಂದ ದುರ್ಗ, ದುರ್ಗದಿಂದ ಹೊಳಲ್ಕೆರೆ. ಅರ್ಧ ಆಯುಸ್ಸು ಬಸ್ಸಿನಲ್ಲೇ ಹೋಯಿತು. ಇತ್ತೀಚೆಗೆ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: ಮುಂದಿನ ವರ್ಷದಿಂದ ಪಿಎಚ್.ಡಿ. ಇಲ್ಲದವರನ್ನು ಇಟ್ಟುಕೊಳ್ಳುವುದಿಲ್ಲವಂತೆ. ಮಾತು ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ಅವಳು ಪಿಎಚ್.ಡಿ.ಗೆ ಸೇರಿ ವರ್ಷಗಳಾಗಿದ್ದವು. ಮುಗಿಯುವ ಲಕ್ಷಣ ಮಾತ್ರ ಕಾಣುತ್ತಿರಲಿಲ್ಲ.

ಅವಳು ಆರಿಸಿಕೊಂಡ ಮೀನೇ ಅಂಥದ್ದು. ವೇದಾವತಿಯ ಮೇಲ್ಗಡೆ, ಹೊಸದುರ್ಗದ ಆಚೆ, ಬೇಸಿಗೆಯಲ್ಲಿ ಹೊಳೆ ಒಣಗಿ ಅಲ್ಲಲ್ಲಿ ಗುಂಡಿಯ ನೀರು ಮಾತ್ರ ಉಳಿಯುವ ಕಡೆ ಸಿಗುವ ಮೀನು. ನೀರು ಕೆಸರಾದಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಒಳಗೆ ಹೋಗುತ್ತದೆ. ಅದಕ್ಕೇ ದಂಡೆಯ ಜನ ಅದನ್ನು ಗುಟುಕ ಎನ್ನುತ್ತಾರೆ. ನುಂಗಿದ ಗಾಳಿ ಎಲ್ಲಿಗೆ ಹೋಗುತ್ತದೆ? ಕರುಳಿಗೆ. ಈ ಮೀನು ಕಿವಿರಿನಲ್ಲಷ್ಟೇ ಅಲ್ಲ, ಕರುಳಿನಲ್ಲೂ ಉಸಿರಾಡುತ್ತದೆ ಎಂಬುದು ಯಶೋದಾಳ ನಂಬಿಕೆ. ಇಂಥ ಕೆಲವು ಮೀನುಗಳು ಬೇರೆ ಕಡೆ ಇವೆಯೆಂದು ಓದಿದ್ದಳು. ಗುಟುಕನದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಕರುಳಿನ ಕೊನೆಯ ಭಾಗವಾದ ಹಿಂಗರುಳಿನ ಒಳಪದರ ಈರುಳ್ಳಿಯ ತೆಳು ಪೊರೆಯಂತೆ ಇರಬೇಕು, ಅದರ ಅಂಚಿನ ತನಕ ರಕ್ತದ ಸಣ್ಣ ನಾಳಗಳು ಬಂದಿರಬೇಕು. ಅದನ್ನು ಕಣ್ಣಾರೆ ಕಂಡು ತೋರಿಸಿಬಿಟ್ಟರೆ ಪ್ರಬಂಧ ಮುಗಿದಂತೆ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಕೆಡದೆ, ಹರಿಯದೆ ಉಳಿದ ಒಂದೇ ಒಂದು ಕರುಳು.

ಒಂದೇ ಒಂದು ಎಂದರೆ ಸುಲಭ ಅಂದುಕೊಳ್ಳಬೇಡಿ. ಮೊದಲ ಸಲ ಮೀನು ಸಿಕ್ಕಿತು; ಮಂಜುಗಡ್ಡೆಯಲ್ಲಿಟ್ಟು ದುರ್ಗದ ಲ್ಯಾಬಿಗೆ ಒಯ್ದಳು. ಸತ್ತ ಮೀನಿನ ಕರುಳು ತನ್ನೊಳಗಿನ ರಸದಿಂದ ತನ್ನನ್ನೇ ಅರಗಿಸಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದರೂ ಅಷ್ಟು ಬೇಗ ಎಂದು ಗೊತ್ತಿರಲಿಲ್ಲ. ಸ್ಲೈಡಿನಲ್ಲಿ ಕಂಡದ್ದು ಬರೀ ಅಂಬಲಿ. ಎರಡನೇ ಸಲ ಜೀವಂತ ಮೀನನ್ನೇ ಕುಯ್ದು, ಕರುಳನ್ನು ಹಳದಿ ದ್ರಾವಣಕ್ಕೆ ಹಾಕಿ ಗಟ್ಟಿಮಾಡಿ, ಮೇಣದಲ್ಲಿ ಕೂರಿಸಿದಳು. ಎಲ್ಲ ಶಾಸ್ತ್ರಪ್ರಕಾರ. ಆದರೆ ಗುಟುಕ ಮರಳು ನುಂಗುವ ಮೀನು. ಕೂದಲೆಳೆಗಿಂತ ತೆಳ್ಳಗೆ ಹೆಚ್ಚುವ ಯಂತ್ರದ ಅಲಗಿಗೆ ಆ ಮರಳು ಸಿಕ್ಕಿ ಕಚಕ್ಕೆಂದಿತು. ಕರುಳೂ ಚಿಂದಿ, ಅಲಗೂ ಮುಕ್ಕು. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕೊಲೆಗಾರ್ತಿಯನ್ನು ನೋಡಿದಂತೆ ನೋಡಿದರು. ಆಮೇಲೆ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿತ್ತು. ಜನ ಲಾರಿ, ಟ್ರ್ಯಾಕ್ಟರು ಹತ್ತಿ ನೋಡಲು ಹೋದರು, ಬಾಗಿನ ಬಿಟ್ಟರು, ಕುಣಿದರು. ಯಶೋದಾ ಒಬ್ಬಳೇ ಆ ನೀರನ್ನು ನೋಡಿ ಶಪಿಸಿದಳು. ಅವಳ ಗುಂಡಿಗಳೆಲ್ಲ ಹಿನ್ನೀರಿನಲ್ಲಿ ಮುಳುಗಿಹೋಗಿದ್ದವು. ದುರ್ಗದ ಸೀಮೆಯಲ್ಲಿ ಹುಟ್ಟಿ ನೀರು ಬಂತೆಂದು ಅತ್ತವಳು ನಾನೊಬ್ಬಳೇ ಇರಬೇಕು ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅಲ್ಲಿಂದ ಮುಂದೆ ಕಾಟಪ್ಪನ ತೆಪ್ಪವೇ ಗತಿಯಾಯಿತು; ಅವನ ನಾಯಿ ಕರುಳು ತಿಂದದ್ದು ಆಮೇಲಿನ ಮಾತು.

ಮನೆಯಲ್ಲಿ ಈ ಕಥೆ ಯಾರಿಗೆ ಹೇಳುವುದು? ಕನಕರಾಜ ಒಳ್ಳೆಯವನು, ಆದರೆ ಡ್ಯೂಟಿ ಮುಗಿಸಿ ಬಂದು ಮಲಗಿದರೆ ಮುಗಿಯಿತು. ಓಬಣ್ಣ ಹೋದ ಮೇಲೆ ಕುರಿಗಳನ್ನು ಮಾರಿ ನಿಂಗಕ್ಕ ಹಿರಿಯೂರಿಗೆ ಮಗಳ ಮನೆಗೇ ಬಂದಿದ್ದಳು. ಟೌನಿನ ಬಾಡಿಗೆ ಮನೆಯಲ್ಲಿ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಮಗಳು ಬಸ್ಸಿಳಿದು ಮೋರೆ ಗಂಟಿಕ್ಕಿಕೊಂಡು ಬಂದಾಗಲೆಲ್ಲ ಟೀ ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದಳು.

"ಅಲ್ಲ ಕಣೆ, ಇಷ್ಟು ವರ್ಷದಿಂದ ಆ ಮೀನಿನ ಬೋಟೀಲಿ ಏನು ಹುಡುಕ್ತೀಯೆ ನೀನು?"

"ಅಯ್ಯೋ, ಅದೆಲ್ಲ ನಿಂಗೆ ಗೊತ್ತಾಗಲ್ಲ ಬಿಡವ್ವ."

"ಹೇಳಿದ್ರೆ ತಾನೆ ಗೊತ್ತಾಗೋದು."

"ತಲೆ ಸಿಡೀತೈತೆ. ಇನ್ನೊಂದು ಸಲ ಹೇಳ್ತೀನಿ."

ಆ ಇನ್ನೊಂದು ಸಲ ಬರಲೇ ಇಲ್ಲ. ಮಾತಿನಲ್ಲಿ ಸೋಲದ ಹೆಂಗಸು ನಿಂಗಕ್ಕ, ಸುಮ್ಮನೆ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಮಗಳು ಫೋನಿನಲ್ಲಿ ಕಾಟಪ್ಪನಿಗೆ ಕೂಗಿ ಕೂಗಿ ಹೇಳುವುದು ಮಾತ್ರ ಅಡುಗೆಮನೆಗೆ ಚೆನ್ನಾಗಿ ಕೇಳಿಸುತ್ತಿತ್ತು.

ಈ ವರ್ಷ ಗೈಡ್ ಪರಮೇಶ್ವರಪ್ಪನವರು ಕಡ್ಡಿ ಮುರಿದಂತೆ ಹೇಳಿದರು. "ನೋಡಮ್ಮ, ಇನ್ನು ಮುಂದೂಡೋಕೆ ನನ್ನ ಕೈಲಿ ಆಗಲ್ಲ. ಈ ತಿಂಗಳ ಕೊನೇಲಿ ನಿನ್ನ ನೋಂದಣಿ ರದ್ದಾಗುತ್ತೆ. ಅಷ್ಟರಲ್ಲಿ ಹಿಂಗರುಳಿನ ಸ್ಲೈಡ್ ತೋರಿಸು, ಸಹಿ ಹಾಕ್ತೀನಿ. ಇಲ್ಲ ಅಂದ್ರೆ ಇಷ್ಟು ವರ್ಷದ್ದೂ ನೀರಲ್ಲಿ ಹೋಮ." ಯಶೋದಾ ಕಾಟಪ್ಪನಿಗೆ ದಿನಾ ಫೋನು ಮಾಡತೊಡಗಿದಳು. ಅಪರೂಪದ ಮೀನು ಎಂಬ ಕಾರಣಕ್ಕೆ ಹೆಚ್ಚು ಹಿಡಿಯುವಂತೆಯೂ ಇಲ್ಲ. ಹಿಡಿಯೋಣವೆಂದರೆ ಸಿಗುವುದೂ ಇಲ್ಲ. ತಿಂಗಳು ಕರಗುತ್ತ ಬಂತು. ಕಾಲೇಜಿನಲ್ಲಿ ಪಾಠ ಮಾಡುತ್ತ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡುವ ಮೇಡಮ್ಮನ್ನು ಕಂಡು ಹುಡುಗಿಯರು ಮುಸಿಮುಸಿ ನಗುತ್ತಿದ್ದರು.

ಕೊನೆಗೊಂದು ದಿನ ಫೋನು ಬಂತು. "ಮೇಡಮ್ಮೋರೆ, ಒಂದೇ ಒಂದು ಸಿಕ್ಕೈತೆ. ಜೀವ ಐತೆ. ಬಕೀಟಲ್ಲಿ ಬಿಟ್ಟೀನಿ. ದೇವರಾಣೆ ಮುಟ್ಟಿಲ್ಲ, ಬರ್ರಿ."

ಅವಳು ಓಡಿದಳು. ಬರುವಾಗ ಬಸ್ಸಿನಲ್ಲಿ ಕಾಲ ಸಂದಿಯಲ್ಲಿ ನೀರಿನ ಕ್ಯಾನು ಇಟ್ಟುಕೊಂಡು, ಕ್ಯಾನಿನ ಬಾಯಿಗೆ ತೂತಿನ ಬಟ್ಟೆ ಕಟ್ಟಿ ಕೂತಿದ್ದಳು. ಆಗಾಗ ಒಳಗಿನಿಂದ ಗುಳುಕ್ ಎಂದು ಸದ್ದಾಗುತ್ತಿತ್ತು. ಶ್ರೀರಾಂಪುರದ ಕಡೆಯಿಂದ ಬರುತ್ತಿದ್ದ ಮುದುಕಿಯೊಬ್ಬಳು ಪ್ರತಿ ಸಲವೂ ಬೆಚ್ಚಿ ಕ್ಯಾನಿನ ಕಡೆ ನೋಡುವಳು. ಯಶೋದಾಳಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಪ್ರತಿ ಗುಳುಕಿಗೂ ಅವಳ ಜೀವಕ್ಕೆ ಹಾಯೆನಿಸುತ್ತಿತ್ತು.

ತಂದ ಕೂಡಲೇ ಕುಯ್ಯುವಂತಿರಲಿಲ್ಲ. ಹಿಂದಿನ ಸಲ ಮರಳು ಮಾಡಿದ ಅವಾಂತರ ನೆನಪಿತ್ತು. ತಿಳಿನೀರಿನಲ್ಲಿ ಒಂದು ದಿನ ಉಪವಾಸ ಬಿಟ್ಟರೆ ಹೊಟ್ಟೆಯಲ್ಲಿನ ಮರಳೆಲ್ಲ ಹೊರಗೆ ಹೋಗುತ್ತದೆ. ಮಾರನೆಯ ದಿನ ಅವಳಿಗೆ ಹೊಳಲ್ಕೆರೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆ. ತಪ್ಪಿಸಿಕೊಂಡರೆ ಇದ್ದ ಕೆಲಸಕ್ಕೂ ಕುತ್ತು. ಸಂಜೆ ಬಂದು ಕುಯ್ಯುವುದು, ಮರುದಿನ ದುರ್ಗಕ್ಕೆ ಒಯ್ಯುವುದು ಎಂದು ಲೆಕ್ಕ ಹಾಕಿದಳು. ಅಡುಗೆಮನೆಯ ಶೆಲ್ಫಿನಲ್ಲಿ ಹಳದಿ ದ್ರಾವಣದ ಶೀಸೆ, ಕತ್ತರಿ, ಬ್ಲೇಡು ಎಲ್ಲ ಜೋಡಿಸಿಟ್ಟಳು. ಬಕೆಟ್ಟಿನ ಮೇಲೆ ಗಾಳಿಯಾಡುವಂತೆ ಸ್ವಲ್ಪ ಸಂದಿ ಬಿಟ್ಟು ತಟ್ಟೆ ಮುಚ್ಚಿದಳು.

"ಅವ್ವ, ಇದನ್ನ ಮುಟ್ಬ್ಯಾಡ. ತಿನ್ನಾಕೆ ಏನೂ ಹಾಕ್ಬ್ಯಾಡ."

"ನಾನ್ಯಾಕೆ ಮುಟ್ಟಲಿ ತಾಯಿ, ಹೋಗ್ಬಾ."

ಪರೀಕ್ಷೆಯ ಕೋಣೆಗೆ ಫೋನು ಒಯ್ಯುವಂತಿಲ್ಲ. ಸ್ವಿಚಾಫ್ ಮಾಡಿ ಆಫೀಸಿನಲ್ಲಿಟ್ಟಿದ್ದಳು. ಮುಗಿದ ಮೇಲೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅದನ್ನು ಆನ್ ಮಾಡುವುದನ್ನೂ ಮರೆತಳು. ಹಿರಿಯೂರು ತಲುಪಿದಾಗ ದೀಪ ಹಚ್ಚುವ ಹೊತ್ತು. ನಿಂಗಕ್ಕ ಬಾಗಿಲಲ್ಲೇ ನಿಂತಿದ್ದಳು.

"ಯಶೀ, ಒಂದು ಫಜೀತಿ ಆಗೋಯ್ತು ಕಣೆ. ಆದ್ರೂ ನೀನು ಗಾಬರಿ ಬೀಳ್ಬ್ಯಾಡ. ಎಲ್ಲಾ ಸರಿ ಮಾಡೀನಿ."

"ಏನಾಯ್ತು?"

"ಆ ಮೀನು ತಟ್ಟೆ ಸರಿಸ್ಕಂಡು ಹೊರಗೆ ನೆಗೆದುಬಿಟ್ಟೈತೆ. ನಾನು ಅಂಗಡಿಗೆ ಹೋಗಿ ಬರೋ ಹೊತ್ಗೆ ಸಿಲಿಂಡರ್ ಸಂದೀಲಿ ಬಿದ್ದಿತ್ತು. ಮುಟ್ಟಿದ್ರೂ ಅಲ್ಲಾಡ್ಲಿಲ್ಲ. ನಿಂಗೆ ಫೋನ್ ಮಾಡ್ದೆ, ಮಾಡ್ದೆ, ಸ್ವಿಚಾಫು. ಆಮೇಲೆ ನೆಪ್ಪಾಯ್ತು, ನೀನು ಆ ಕಾಟಪ್ಪಂಗೆ ಹೇಳ್ತಿರ್ತೀಯಲ್ಲ, ಸತ್ತ ತಕ್ಷಣ ಕರುಳು ತೆಗೀಬೇಕು, ಇಲ್ದಿದ್ರೆ ಕೆಡುತ್ತೆ ಅಂತ. ಕುರಿಗೂ ಅಂಗೇ ಅಲ್ವಾ? ನಾನೇ ತೆಗ್ದೆ. ನಿನ್ನ ಹಳದಿ ನೀರಿಗೂ ಹಾಕೀನಿ ನೋಡ್ಹೋಗು."

ಯಶೋದಾ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಓಡಿದಳು. ಶೀಸೆಯನ್ನು ಲೈಟಿಗೆ ಹಿಡಿದಳು. ಹಳದಿ ದ್ರಾವಣದಲ್ಲಿ ಗುಟುಕನ ಕರುಳು ಸುರುಳಿಯಾಗಿ ಮಲಗಿತ್ತು. ಗಂಟಲ ತುದಿಯಿಂದ ಹಿಂಗರುಳಿನ ಕೊನೆಯ ತನಕ ಇಡೀ ಕರುಳು, ಒಂದು ಗೀರಿಲ್ಲ, ಒಂದು ಹರಕಿಲ್ಲ. ಇಷ್ಟು ವರ್ಷ ಕತ್ತರಿ ಹಿಡಿದ ಅವಳಿಗೆ ಒಮ್ಮೆಯೂ ಹೀಗೆ ತೆಗೆಯಲು ಆಗಿರಲಿಲ್ಲ. ಶೀಸೆಯನ್ನು ಕೆಳಗಿಟ್ಟು ಬಂದು ಅವ್ವನನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ನೀನು ನನ್ನ ಉಳಿಸಿಬಿಟ್ಟೆ ಕಣವ್ವ."

"ಥೂ, ಬಿಡು. ಇದೇನು ದೊಡ್ಡ ಕೆಲ್ಸ," ಎಂದಳು ನಿಂಗಕ್ಕ. ಮುಖ ಮಾತ್ರ ಊರಗಲವಾಗಿತ್ತು. "ಕುರೀದಾದ್ರೆ ಹೆಬ್ಬೆಟ್ಟು ದಪ್ಪ ಇರುತ್ತೆ, ಹೆಂಗಾರ ಮಗುಚಬಹುದು. ಇದು ಇಷ್ಟೇ ಇಷ್ಟು. ಪರಕೆ ಕಡ್ಡೀಗೆ ಏರಿಸಿ ಮಗುಚೋ ಹೊತ್ಗೆ ನನ್ ಕಣ್ಣು ಕಿತ್ತು ಬಂತು. ಒಳಗಿನ ಲೋಳೆ ಎಲ್ಲಾ ಸಣ್ಣಕೆ ಹೆರೆದು, ಬಿಸಿನೀರಲ್ಲಿ ತೊಳ್ದು, ಮತ್ತೆ ಇದ್ದಂಗೆ ತಿರುಗಿಸಿ ಇಟ್ಟೀನಿ. ಒಂಚೂರು ಗಲೀಜಿಲ್ಲ, ಎಂಗೆ ಬೇಕಾದ್ರೂ ನೋಡ್ಕ."

ಯಶೋದಾಳ ಕೈ ಅವ್ವನ ಬೆನ್ನ ಮೇಲೆ ಹಾಗೆಯೇ ನಿಂತಿತು.

"ಏನಂದೆ?"

"ತೊಳ್ದೀನಿ ಅಂದೆ."

"ಒಳಗಿಂದು ತೆಗ್ದುಬಿಟ್ಯಾ?"

"ಮತ್ತೆ? ತೆಗೀದೆ ಇಡ್ತಾರಾ?"

ಅನಂತರ ಯಶೋದಾ ಏನೇನು ಕೂಗಾಡಿದಳೋ ಪಕ್ಕದ ಮನೆಯವರಿಗೆಲ್ಲ ಕೇಳಿಸಿತು. "ಅದೇ ಬೇಕಾಗಿತ್ತು ನಂಗೆ! ಆ ಲೋಳೇನೇ ಬೇಕಾಗಿದ್ದು! ಇಷ್ಟು ವರ್ಷ ಸತ್ತಿದ್ದು ಅದಕ್ಕೆ! ಯಾರು ಮುಟ್ಟು ಅಂದ್ರು ನಿಂಗೆ? ಮುಟ್ಬ್ಯಾಡ ಅಂತ ಹೇಳಿರ್ಲಿಲ್ವಾ?" ಎಂದು ತನ್ನ ತಲೆಯನ್ನು ತಾನೇ ಚಚ್ಚಿಕೊಂಡಳು. ನಿಂಗಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು. ಮಗಳ ಉಸಿರು ಮುಗಿದ ಮೇಲೆ ಬಾಯಿ ತೆರೆದಳು.

"ಆ ಕಾಟಪ್ಪಂಗೆ ಎಷ್ಟು ಸಲ ಹೇಳಿದ್ದೀಯ. ನಾನು ಇದೇ ಮನೇಲಿದ್ದೀನಿ. ನಂಗೆ ಒಂದು ಸಲ ಹೇಳಿದ್ಯಾ, ಇಂಥದ್ದು ಬೇಕು ಅಂತ?"

ಯಶೋದಾಳ ಸಿಟ್ಟು ಇನ್ನಷ್ಟು ಏರಿತು. "ಎಲ್ಲಿ ಚೆಲ್ಲಿದೆ?" ಎಂದಳು. ಬಚ್ಚಲಿಗೆ ಎಂದಳು ನಿಂಗಕ್ಕ. ಯಶೋದಾ ಮೊಬೈಲು ಆನ್ ಮಾಡಿ ಟಾರ್ಚು ಹಾಕಿ ಬಚ್ಚಲಿನ ನೆಲದ ಮೇಲೆ ಮೊಣಕಾಲೂರಿ ಕೂತು ಜಾಲರಿ ಎತ್ತಿ ನೋಡಿದಳು. ಸಿಕ್ಕಿದರೂ ಅದು ಯಾವ ಪ್ರಯೋಜನಕ್ಕೂ ಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಕೂತು ಕೆದಕಿದಳು. ಸ್ವಲ್ಪ ಹೊತ್ತಿಗೆ ನಿಂಗಕ್ಕನೂ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಬಗ್ಗಿದಳು. "ಇಲ್ಲೊಂಚೂರು ಇದ್ದಂಗೈತೆ ನೋಡು ಮಗಾ," ಎಂದು ಬೆರಳು ತೋರಿಸಿದಳು. ಅದು ಸೋಪಿನ ಜಿಡ್ಡು.

ಅಷ್ಟಾದರೂ ಯಶೋದಾ ಆ ಶೀಸೆಯನ್ನು ದುರ್ಗಕ್ಕೆ ಒಯ್ದಳು. ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆಚ್ಚಿ, ಬಣ್ಣ ಹಾಕಿದಳು. ಎಲ್ಲೋ ಒಂದು ಮಡಿಕೆಯಲ್ಲಿ, ಒಂದು ಮೂಲೆಯಲ್ಲಿ ಒಳಪದರದ ಚೂರು ಉಳಿದಿದ್ದೀತು ಎಂಬ ಆಸೆ. ಸ್ಲೈಡಿನ ಮೇಲೆ ಸ್ಲೈಡು ನೋಡಿದಳು. ನಿಂಗಕ್ಕ ಅರೆಬರೆ ಕೆಲಸ ಮಾಡುವ ಹೆಂಗಸಲ್ಲ. ಎಲ್ಲೂ ಏನೂ ಉಳಿದಿರಲಿಲ್ಲ.

ಪರಮೇಶ್ವರಪ್ಪನವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಸ್ನಾಯುವಿನ ಪದರ ಎಷ್ಟು ಚೆನ್ನಾಗಿ ಬಂದಿದೆ! ನಿನ್ನ ಕೈ ಪಳಗಿದೆ ಕಣಮ್ಮ. ಆದ್ರೆ ಒಳಗೆ ಯಾಕೆ ಖಾಲಿ?" ಎಂದರು. ಯಶೋದಾ ನಡೆದದ್ದನ್ನು ಹೇಳಿದಳು. ಅವರು ನಗಲಿಲ್ಲ, ಅದೊಂದು ಪುಣ್ಯ. ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದು ಕೆಲ್ಸ ಮಾಡು. ಇದರ ದಾಯಾದಿ ಮೀನುಗಳ ಬಗ್ಗೆ ಬೇರೆಯವರು ಬರೆದಿದ್ದಾರಲ್ಲ, ಅದನ್ನ ನೋಡಿ ಬರೀ. ಇದರದ್ದೂ ಹಾಗೇ ಇರುತ್ತೆ. ಚಿತ್ರ ಕೈಯಲ್ಲಿ ಬಿಡಿಸು ಸಾಕು."

"ನಾನು ನೋಡಿಲ್ಲವಲ್ಲ ಸರ್."

"ನೋಡಿದೀನಿ ಅಂತ ಬರೀ. ವೇದಾವತಿಗೆ ಇಳಿದು ಈ ಮೀನು ಹಿಡಿದು ಯಾರು ಪರೀಕ್ಷೆ ಮಾಡ್ತಾರೆ?"

ಯಶೋದಾಳಿಗೆ ಒಂದು ಕ್ಷಣ ಹೂಂ ಎಂದುಬಿಡೋಣ ಅನ್ನಿಸಿತು. ಕೆಲಸ ಉಳಿಯುತ್ತದೆ, ಹೆಸರಿನ ಹಿಂದೆ ಡಾಕ್ಟರ್ ಬರುತ್ತದೆ, ಅವ್ವನ ಮುಖ ನೋಡಲು ಆಗುತ್ತದೆ. ಬಹುಶಃ ಅವಳು ಬರೆದದ್ದು ನಿಜವೇ ಆಗಿರುತ್ತದೆ. ಆದರೆ ಅವಳಿಗೆ ಬೇಕಾಗಿದ್ದದ್ದು ನೋಡುವುದು. ಅಷ್ಟಕ್ಕೇ ಅಲ್ಲವೆ ಇಷ್ಟು ವರ್ಷ ಬಸ್ಸಿನ ಸೀಟು ಸವೆಸಿದ್ದು?

"ಆಗಲ್ಲ ಸರ್," ಎಂದಳು.

"ಹಾಗಾದ್ರೆ ಇಲ್ಲಿಗೆ ಮುಗೀತು ನೋಡು," ಎಂದರು ಅವರು, ಬೇಸರದಿಂದಲೇ. ಅವಳು ಸ್ಲೈಡುಗಳನ್ನು ಡಬ್ಬಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಜಂಬ ಪಡುವಂಥದ್ದೇನನ್ನೋ ಮಾಡಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಬರೀ ಉರಿ. ಕಾಟಪ್ಪನ ಮೇಲೆ, ಗೈಡಿನ ಮೇಲೆ, ಕೋಡಿ ಬಿದ್ದ ನೀರಿನ ಮೇಲೆ, ಆ ತಟ್ಟೆಯ ಮೇಲೆ ಒಂದು ಕಲ್ಲು ಹೇರದ ತನ್ನ ಮೇಲೆ.

ಮನೆಗೆ ಬಂದಾಗ ಊರಿನಿಂದ ಯಾರೋ ಬಂದು ಹೋಗುತ್ತಿದ್ದರು. ಅಲ್ಲಿ ಬೀಗರೂಟವಂತೆ, ನಿಂಗಕ್ಕನನ್ನು ಕರೆಯಲು ಬಂದಿದ್ದರಂತೆ. ಬರುವುದಿಲ್ಲ ಎಂದು ಕಳಿಸಿಬಿಟ್ಟಿದ್ದಳು.

"ಯಾಕವ್ವ?"

"ನನ್ ಕೈಗೆ ಬುದ್ಧಿ ಇಲ್ಲ," ಎಂದಳು ನಿಂಗಕ್ಕ. "ಅಂಗೇ ಹೆರೆದು ಎಸೆಯೋದೊಂದೇ ಗೊತ್ತು ಅದಕ್ಕೆ."

ಯಶೋದಾಳ ಉರಿಯೆಲ್ಲ ಅಲ್ಲಿಗೆ ಜರ್ರನೆ ಇಳಿಯಿತು. ಚೀಲ ಕೆಳಗಿಟ್ಟು ಅವ್ವನ ಎದುರಿಗೆ ನೆಲದ ಮೇಲೆ ಕೂತಳು. ಸ್ಲೈಡಿನ ಡಬ್ಬಿ ತೆಗೆದು, ಒಂದು ಚೂರು ಗಾಜನ್ನು ಬೆಳಕಿಗೆ ಹಿಡಿದು, ಮೊದಲಿಂದ ಹೇಳಲು ಶುರುಮಾಡಿದಳು. ಹೊರಗಿನ ಪೊರೆ, ಸ್ನಾಯು, ಒಳಪದರ. ಕುರಿಯ ಕರುಳಿನ ಒಳಗಿರುವ ಜೂಲು ಗಲೀಜಲ್ಲ, ತಿಂದದ್ದು ರಕ್ತಕ್ಕೆ ಸೇರುವುದು ಅಲ್ಲಿಂದಲೇ. ಈ ಮೀನಿನಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ. ಹೊಳೆ ಬತ್ತಿ ಕೆಸರಾದಾಗ ಗಾಳಿ ನುಂಗಿ ಕರುಳಿನಲ್ಲೇ ಉಸಿರಾಡುತ್ತದೆ. ಅದು ಹೇಗೆ ಎಂದು ನೋಡಬೇಕಿತ್ತು. ಇಷ್ಟೇ. ಹೇಳಿ ಮುಗಿಸಲು ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ನಿಂಗಕ್ಕನಿಗೆ ಎಲ್ಲವೂ ಅರ್ಥವಾಯಿತು. ನಡುವೆ ಎರಡು ಪ್ರಶ್ನೆಯನ್ನೂ ಕೇಳಿದಳು, ಎರಡೂ ಒಳ್ಳೆಯ ಪ್ರಶ್ನೆಗಳೇ.

ಆಮೇಲೆ ಅಡುಗೆಮನೆಯ ಕಡೆ ಒಂದು ಸಲ ತಿರುಗಿ ನೋಡಿದಳು.

"ಯಶೀ, ಅಂಗಾದ್ರೆ ನೀರಿಲ್ದಿದ್ರೂ ಅದಕ್ಕೆ ಉಸಿರಾಡಾಕೆ ಬರುತ್ತಾ?"

"ಬರುತ್ತೆ. ಮೈ ಒದ್ದೆ ಇದ್ರೆ ಸುಮಾರು ಹೊತ್ತು ತಡ್ಕಳುತ್ತೆ. ಅಲ್ಲಾಡದೆ ಬಿದ್ಕಂಡಿರುತ್ತೆ, ಅಷ್ಟೇ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಯಶೋದಾಳಿಗೆ ಹೊಳೆಯಿತು. ಆಗಲೇ ತಡವಾಗಿತ್ತು.

"ಸಿಲಿಂಡರ್ ಹತ್ರ ನೆಲ ಒದ್ದೆ ಇತ್ತು," ಎಂದಳು ನಿಂಗಕ್ಕ, ತನಗೆ ತಾನೇ ಹೇಳಿಕೊಳ್ಳುವಂತೆ. "ನಾನು ಬ್ಲೇಡು ಹಾಕ್ದಾಗ ಅದು ಬಾಯಿ ಬಿಡ್ತು ಕಣೆ. ಎರಡು ಸಲ ಬಿಡ್ತು. ಕುರಿ ಕುಯ್ದ ಮೇಲೂ ಕಾಲು ಅದುರುತ್ತಲ್ಲ, ಅಂಗೇ ಇರ್ಬೇಕು ಅಂದ್ಕಂಡೆ." ಮಗಳ ಮುಖ ನೋಡಿದಳು. "ಎತ್ತಿ ಬಕೀಟಿಗೆ ಬಿಟ್ಟಿದ್ರೆ ಬದುಕ್ತಿತ್ತಾ?"

ಬದುಕುತ್ತಿತ್ತು. ಸಂಜೆ ಯಶೋದಾ ಬರುವ ತನಕ ತಟ್ಟೆಯ ಕೆಳಗೆ ಗುಳುಕ್ ಗುಳುಕ್ ಎನ್ನುತ್ತಲೇ ಇರುತ್ತಿತ್ತು. ಟೀ ಕುಡಿಯುವ ಹೊತ್ತಿನ ಒಂದು ಮಾತು, ವರ್ಷಗಳ ಹಿಂದೆ ಯಾವತ್ತಾದರೂ ಒಂದು ಸಂಜೆ ಹೇಳಿದ್ದರೆ ಸಾಕಿತ್ತು. ನಿಂಗಕ್ಕ ಅದನ್ನು ಬೊಗಸೆಯಲ್ಲಿ ಎತ್ತಿ ನೀರಿಗೆ ಬಿಡುತ್ತಿದ್ದಳು.

"ಇಲ್ಲವ್ವ," ಎಂದಳು ಯಶೋದಾ. "ಅದು ಆವಾಗ್ಲೇ ಸತ್ತೋಗಿತ್ತು."

"ನೀನು ಸಣ್ಣೋಳಿದ್ದಾಗ್ಲೂ ಅಷ್ಟೇ," ಎಂದಳು ನಿಂಗಕ್ಕ. "ನಿಂಗೆ ಸುಳ್ಳು ಹೇಳಾಕೆ ಬರಲ್ಲ." ಮೊಣಕಾಲಿಗೆ ಕೈಯೂರಿ ಎದ್ದು, ಅನ್ನಕ್ಕೆ ಇಡಲು ಒಳಗೆ ಹೋದಳು.